ಡೀಸೆಲ್ ಇನ್ನೋವಾದ ಕ್ರ್ಯಾಂಕ್ ಪುಲ್ಲಿ: ಮನೆಯಲ್ಲೇ ಬಿಚ್ಚಿ ಹೊಸದು ಕೂರಿಸುವ ಪೂರ್ತಿ ಕ್ರಮ

ಎಂಜಿನ್‌ನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ತುದಿಯಲ್ಲಿ ಕೂತು ಬೆಲ್ಟ್ ತಿರುಗಿಸುವ ಚಕ್ರವೇ ಕ್ರ್ಯಾಂಕ್ ಪುಲ್ಲಿ. ಅದನ್ನು ಬದಲಿಸಲು ಕೈ ಹಾಕಿ ಅರ್ಧಕ್ಕೆ ನಿಲ್ಲಿಸಿದವರು ನನಗೆ ಫೋಟೊ ಕಳಿಸುತ್ತಾರೆ. ನೋಡಿದ ತಕ್ಷಣ ಏನಾಗಿದೆ ಅಂತ ಗೊತ್ತಾಗುತ್ತದೆ, ಯಾಕೆಂದರೆ ಎಲ್ಲರೂ ಎಡವುವುದು ಅದೇ ಜಾಗಗಳಲ್ಲಿ. ಒಬ್ಬರದ್ದು ಬೋಲ್ಟಿನ ತಲೆ ಸವೆದು ಉಂಡೆಯಾಗಿರುತ್ತದೆ. ಇನ್ನೊಬ್ಬರು ಪುಲ್ಲರ್ (ಪುಲ್ಲಿಯನ್ನು ಹೊರಗೆಳೆಯುವ ಸಲಕರಣೆ) ಹಾಕಿ ಎಳೆದಿದ್ದಾರೆ, ಹೊರಗಿನ ರಿಂಗ್ ಮಾತ್ರ ಕೈಗೆ ಬಂದಿದೆ. ಮತ್ತೊಬ್ಬರದ್ದು ಇನ್ನೂ ಕಷ್ಟ. ಎಲ್ಲ ಜೋಡಿಸಿ, ಖುಷಿಯಾಗಿ ಓಡಿಸಿ, ಒಂದು ತಿಂಗಳಾದ ಮೇಲೆ ಪುಲ್ಲಿ ಟಕಟಕ ಅನ್ನುತ್ತಿದೆ.

ಕೊನೆಯದ್ದನ್ನು ನಾನೂ ಮಾಡಿಕೊಂಡಿದ್ದೇನೆ. ಆ ಕತೆ ಬಿಗಿ ಮಾಡುವ ಹಂತದಲ್ಲಿ ಬರುತ್ತದೆ.

ಉದಾಹರಣೆಗೆ ಹಳೆಯ ಇನ್ನೋವಾವನ್ನು ಇಟ್ಟುಕೊಳ್ಳುತ್ತೇನೆ. 2005ರಿಂದ ಬಿಡದಿಯಲ್ಲಿ ತಯಾರಾಗುತ್ತಿದ್ದ, 2,494 ಸಿಸಿಯ 2ಕೆಡಿ ಡೀಸೆಲ್ ಎಂಜಿನ್ ಇರುವ ಗಾಡಿ. ಆಮೇಲೆ ಬಂದ ಇನ್ನೋವಾ ಕ್ರಿಸ್ಟಾದ್ದು ಬೇರೆ ಎಂಜಿನ್, ಇಲ್ಲಿನ ಅಂಕಿಗಳನ್ನು ಅದಕ್ಕೆ ಹಾಕಬೇಡಿ. ನಿಮ್ಮದು ಬೇರೆ ಡೀಸೆಲ್ ಗಾಡಿಯಾದರೆ ಕ್ರಮ ಹೆಚ್ಚುಕಡಿಮೆ ಇದೇ, ಆದರೆ ಟಾರ್ಕ್ (ಬೋಲ್ಟನ್ನು ತಿರುಗಿಸಿ ಬಿಗಿ ಮಾಡುವ ಬಲ) ಎಷ್ಟು, ಬೋಲ್ಟ್ ಎಂಥದ್ದು ಅನ್ನುವುದನ್ನು ಆ ಗಾಡಿಯ ವರ್ಕ್‌ಶಾಪ್ ಮ್ಯಾನುಯಲ್ ನೋಡಿಯೇ ತಿಳಿದುಕೊಳ್ಳಿ.

## ಪುಲ್ಲಿ ನಿಜವಾಗಿ ಹೋಗಿದೆಯಾ?

ಡೀಸೆಲ್ ಗಾಡಿಯ ಕ್ರ್ಯಾಂಕ್ ಪುಲ್ಲಿ ಒಂದೇ ಕಬ್ಬಿಣದ ತುಂಡಲ್ಲ. ಒಳಗೆ ಕ್ರ್ಯಾಂಕಿಗೆ ಕೂರುವ ಹಬ್, ಹೊರಗೆ ಬೆಲ್ಟ್ ಓಡುವ ರಿಂಗ್, ಎರಡರ ನಡುವೆ ರಬ್ಬರಿನ ಪಟ್ಟಿ. ಡೀಸೆಲ್ ಎಂಜಿನ್‌ನ ಒಂದೊಂದು ಉರಿತವೂ ಕ್ರ್ಯಾಂಕನ್ನು ಒಂದಿಷ್ಟು ತಿರುಚುತ್ತದೆ. ಆ ಅದುರುವಿಕೆಯನ್ನು ರಬ್ಬರ್ ನುಂಗಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಎಣ್ಣೆ, ಬಿಸಿ ತಾಗಿ ರಬ್ಬರ್ ಬಿರಿಯುತ್ತದೆ, ರಿಂಗ್ ಹಬ್ಬಿನ ಮೇಲೆ ಜಾರಲು ಶುರುವಾಗುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಬಿಳಿ ಪೇಂಟ್ ಅಥವಾ ಉಗುರುಬಣ್ಣದಿಂದ ಹಬ್ಬಿನಿಂದ ರಿಂಗಿನವರೆಗೆ, ರಬ್ಬರ್ ದಾಟಿ ಒಂದೇ ನೇರ ಗೆರೆ ಎಳೆಯಿರಿ. ಒಂದು ವಾರ ಓಡಿಸಿ ಮತ್ತೆ ನೋಡಿ. ಗೆರೆ ಎರಡು ತುಂಡಾಗಿ, ಒಂದು ತುಂಡು ಒಂದು ಕಡೆ, ಇನ್ನೊಂದು ಬೇರೆ ಕಡೆ ಇದ್ದರೆ ಪುಲ್ಲಿ ಮುಗಿದಿದೆ. ಚರ್ಚೆ ಬೇಡ.

ಇನ್ನು ಕೆಲವು ಲಕ್ಷಣಗಳು: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೀರಲು ಸದ್ದು, ಹೊಸ ಬೆಲ್ಟ್ ಹಾಕಿದರೂ ಹೋಗದ್ದು. ಬೆಲ್ಟ್ ಒಂದು ಅಂಚಿಗೆ ಸರಿದು ನೂಲು ಬಿಡುವುದು. ಎಂಜಿನ್ ಓಡುವಾಗ ಮುಂದಿನಿಂದ ನೋಡಿದರೆ ಪುಲ್ಲಿ ತೊನೆದಾಡುವುದು. ಐಡಲ್‌ನಲ್ಲಿ ಟಕಟಕ ಅಂದು, ಆಕ್ಸಿಲರೇಟರ್ ಒತ್ತಿದ ಕೂಡಲೇ ಮಾಯವಾಗುವ ಸದ್ದು.

ಒಂದನ್ನು ಮಾತ್ರ ಬೇರೆಯಾಗಿ ಹೇಳಬೇಕು. ಪುಲ್ಲಿಯ ನಡುವಿನ ಬೋಲ್ಟ್ ಸುತ್ತ ಕುಂಕುಮದ ಹಾಗೆ ಕೆಂಪು ಪುಡಿ ಕಂಡರೆ ಅದು ಮಾಮೂಲಿ ತುಕ್ಕಲ್ಲ. ಬೋಲ್ಟ್ ಸಡಿಲವಾಗಿ ಹಬ್ಬೂ ಕ್ರ್ಯಾಂಕೂ ಒಂದಕ್ಕೊಂದು ಉಜ್ಜಿದಾಗ ಉದುರುವ ಪುಡಿ ಅದು. ಆವತ್ತೇ ಗಾಡಿ ನಿಲ್ಲಿಸಿ. ಇನ್ನು ನೂರು ಕಿಲೋಮೀಟರ್ ಓಡಿಸಿದರೆ ಪುಲ್ಲಿಯ ಖರ್ಚು ಕ್ರ್ಯಾಂಕಿನ ಖರ್ಚಾಗಬಹುದು.

ಹೋದ ಪುಲ್ಲಿ ಇಟ್ಟುಕೊಂಡೇ ಓಡಿಸಿದರೆ ಏನಾಗುತ್ತದೆ ಅಂತ ಕೇಳುತ್ತಾರೆ. ಬೆಲ್ಟ್ ಬಿದ್ದರೆ ಆಲ್ಟರ್ನೇಟರ್ ನಿಲ್ಲುತ್ತದೆ, ಸ್ಟೀರಿಂಗ್ ಪಂಪೂ ಅದೇ ಬೆಲ್ಟಿನಲ್ಲಿದ್ದರೆ ಸ್ಟೀರಿಂಗ್ ಭಾರವಾಗುತ್ತದೆ, ವಾಟರ್ ಪಂಪ್ ತಿರುಗದೆ ಎಂಜಿನ್ ಕೆಲವೇ ನಿಮಿಷದಲ್ಲಿ ಕಾಯುತ್ತದೆ. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಬೆನ್ನಿಗೇ ಇರುತ್ತದೆ. ಅಂಥ ಗಾಡಿಯ ಬೆಲ್ಟ್ ಘಾಟಿಯಲ್ಲಿ ಬಿದ್ದರೆ ಬ್ರೇಕ್ ಕಲ್ಲಿನಂತಾಗುತ್ತದೆ.

## ಬೋಲ್ಟ್ ಮುಟ್ಟುವ ಮೊದಲು ತಿಳಿದಿರಬೇಕಾದ್ದು

ಕ್ರ್ಯಾಂಕ್ ಪುಲ್ಲಿ ಎರಡು ಬಗೆಯಲ್ಲಿ ಕೂತಿರುತ್ತದೆ. ಇನ್ನೋವಾದ್ದು ನಡುವೆ ಒಂದೇ ದೊಡ್ಡ ಬೋಲ್ಟ್. ಸ್ಕೋಡಾ ಆಕ್ಟೇವಿಯಾದ ಹಳೆಯ 1.9 ಟಿಡಿಐನಂಥ ಎಂಜಿನ್‌ಗಳಲ್ಲಿ ಪುಲ್ಲಿಯನ್ನು ಹಿಡಿದಿರುವುದು ಸುತ್ತಲಿನ ನಾಲ್ಕು ಸಣ್ಣ ಅಲೆನ್ ಬೋಲ್ಟ್. ನಡುವಿನ ದೊಡ್ಡ ಬೋಲ್ಟ್ ಹಿಡಿದಿರುವುದು ಟೈಮಿಂಗ್ ಬೆಲ್ಟಿನ, ಅಂದರೆ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಬೆಲ್ಟಿನ ಹಲ್ಲಿನ ಚಕ್ರವನ್ನು. ಪುಲ್ಲಿ ಬದಲಿಸಲು ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ದೊಡ್ಡದು ಕಂಡಿತು ಅಂತ ಅದಕ್ಕೇ ಪೈಪ್ ಹಾಕುವವರು ಬೇಕಾದಷ್ಟು ಜನ ಇದ್ದಾರೆ.

ಇನ್ನೂ ಅಪಾಯದ್ದು ಬೇರೆ ಇದೆ. ಕೆಲವು ಎಂಜಿನ್‌ಗಳಲ್ಲಿ ಟೈಮಿಂಗ್ ಚಕ್ರಕ್ಕೆ ಕೀ (ಚಕ್ರ ಸರಿಯಾದ ಕೋನದಲ್ಲಿ ಕೂರಲು ಶಾಫ್ಟಿನ ಸಂದಿನಲ್ಲಿಡುವ ಸಣ್ಣ ಲೋಹದ ತುಂಡು) ಇರುವುದಿಲ್ಲ, ನಡುವಿನ ಬೋಲ್ಟಿನ ಬಿಗಿಯಲ್ಲೇ ನಿಂತಿರುತ್ತದೆ. ಅಲ್ಲಿ ಬೋಲ್ಟ್ ಸಡಿಲಿಸಿದ ಕ್ಷಣವೇ ಟೈಮಿಂಗ್ ಹೋಯಿತು. ಸ್ಟಾರ್ಟ್ ಮಾಡಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ಕೆಲವು ಎಂಜಿನ್‌ಗಳ ಬೋಲ್ಟಿಗೆ ಉಲ್ಟಾ ಥ್ರೆಡ್ ಇರುತ್ತದೆ, ಬಿಚ್ಚುತ್ತಿದ್ದೇನೆ ಅಂತ ನೀವು ಬಿಗಿ ಮಾಡುತ್ತಿರುತ್ತೀರಿ. ಮ್ಯಾನುಯಲ್ ನೋಡಿ ಅಂದಿದ್ದು ಇದಕ್ಕೇ.

ಇನ್ನೋವಾ ಇದರಲ್ಲಿ ಪುಣ್ಯವಂತ ಗಾಡಿ. ಕ್ರ್ಯಾಂಕಿನಿಂದ ಮೇಲಕ್ಕೆ ಗೇರುಗಳು, ಅಲ್ಲಿಂದ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿಗೆ ಟೈಮಿಂಗ್ ಬೆಲ್ಟ್. ಹಾಗಾಗಿ ಪುಲ್ಲಿ ತೆಗೆದರೂ ಟೈಮಿಂಗ್ ಕೆಡುವುದಿಲ್ಲ. ಥ್ರೆಡ್ ಕೂಡ ಮಾಮೂಲಿಯದ್ದೇ.

## ಬೇಕಾಗುವ ಸಾಮಾನು

ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್ ಒಂದು ಬೇಕು. ಹನ್ನೆರಡು ಮೂಲೆಯದು ಈ ಬೋಲ್ಟಿಗೆ ಬೇಡವೇ ಬೇಡ, ತಲೆ ಉಂಡೆಯಾಗುವುದೇ ಅದರಿಂದ. ಸೈಜನ್ನು ಅಂದಾಜು ಮಾಡಬೇಡಿ. ತಲೆಯ ಮಣ್ಣು, ಗ್ರೀಸ್ ಕೆರೆದು ತೆಗೆದು, ಸಾಕೆಟ್ ಪೂರ್ತಿ ಒಳಗೆ ಕೂತು ಅಲುಗಾಡದೆ ನಿಲ್ಲುತ್ತದಾ ನೋಡಿ.

ಮುಕ್ಕಾಲು ಇಂಚಿನ ಬ್ರೇಕರ್ ಬಾರ್ (ಸಾಕೆಟ್ ತಿರುಗಿಸುವ ಉದ್ದ ಸರಳು), ಅದರ ಮೇಲೆ ತೂರಿಸಲು ಒಂದು ಮೀಟರ್ ಜಿಐ ಪೈಪ್. ಅರ್ಧ ಇಂಚಿನ ರಾಚೆಟ್‌ನಿಂದ ಇದನ್ನು ಬಿಚ್ಚಲು ಹೋಗಬೇಡಿ. ರಾಚೆಟ್ಟಿನ ಹಲ್ಲು ಮುರಿದರೆ ನಿಮ್ಮ ಗೆಣ್ಣು ನೇರವಾಗಿ ಚಾಸಿಸ್‌ಗೆ.

ಪುಲ್ಲಿ ಹಿಡಿಯುವ ಹಿಡಿಕೆ ಬೇಕು. ಪುಲ್ಲಿಯ ಹಬ್ಬಿನಲ್ಲಿ ಥ್ರೆಡ್ ಇರುವ ಎರಡು ತೂತುಗಳಿದ್ದರೆ ಅವು ಹಿಡಿಯುವುದಕ್ಕೂ ಹೊರಗೆ ಎಳೆಯುವುದಕ್ಕೂ ಕೊಟ್ಟಿರುವಂಥವು. ಹೊಸ ಪುಲ್ಲಿಯನ್ನು ಮೊದಲೇ ತಂದು, ಅದನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯಿರಿ. ಅಳತೆಗೆ ಸರಿಯಾಗಿ ದಪ್ಪ ಪಟ್ಟಿಯಲ್ಲಿ ಎರಡು ತೂತು, ನಡುವೆ ಸಾಕೆಟ್ ಹೋಗುವಷ್ಟು ದೊಡ್ಡ ತೂತು, ಒಂದು ಉದ್ದ ಕೈ. ಅರ್ಧ ಗಂಟೆಯ ಕೆಲಸ. ಈ ಲೇಖನದಲ್ಲಿ ಒಂದೇ ಒಂದು ಮಾತು ಕೇಳುತ್ತೀರಾದರೆ ಈ ಹಿಡಿಕೆಯನ್ನು ಮಾಡಿಸಿಕೊಳ್ಳಿ.

ಉಳಿದಂತೆ: ಬೋಲ್ಟ್ ಮಾದರಿಯ ಪುಲ್ಲರ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಮರದ ತುಂಡುಗಳು, ರೇಡಿಯೇಟರ್‌ಗೆ ಅಡ್ಡ ಇಡಲು ದಪ್ಪ ರಟ್ಟು, ನಯವಾದ ಎಮರಿ ಪೇಪರ್, ಹಳೆ ಬಟ್ಟೆ, ಪೇಂಟ್ ಪೆನ್ನು. ಹೊಸ ಬೋಲ್ಟ್, ಹೊಸ ಆಯಿಲ್ ಸೀಲ್ (ಪುಲ್ಲಿಯ ಹಿಂದೆ ಎಣ್ಣೆ ಸೋರದಂತೆ ತಡೆಯುವ ರಿಂಗ್), ಬೆಲ್ಟ್ ಹಳೆಯದಾಗಿದ್ದರೆ ಹೊಸ ಬೆಲ್ಟ್. ಟಾರ್ಕ್ ರೆಂಚ್ ವಿಷಯ ಮುಂದೆ ಬರುತ್ತದೆ, ಅದಕ್ಕೆ ದೊಡ್ಡ ಕತೆಯೇ ಇದೆ.

ಪುಲ್ಲಿ ಕೊಳ್ಳುವಾಗ ಒಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಒಂದೇ ಗಾಡಿಗೆ ಮೂರು ಬೆಲೆಯ ಪುಲ್ಲಿ ತೋರಿಸುತ್ತಾರೆ. ರಬ್ಬರೇ ಇಲ್ಲದ, ಒಂದೇ ಎರಕದ ಕಾಪಿ ಅಗ್ಗ. ಅದನ್ನು ಹಾಕಿದರೆ ಗಾಡಿ ಓಡುತ್ತದೆ, ಆದರೆ ಅದುರುವಿಕೆಯೆಲ್ಲ ಕ್ರ್ಯಾಂಕಿಗೇ ಹೋಗುತ್ತದೆ. ಗುಜರಿಯಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಪುಲ್ಲಿಯೂ ಬೇಡ. ನಿಮ್ಮ ಗಾಡಿಯ ರಬ್ಬರ್ ಹಾಳಾಗಿದೆ ಅಂತ ತಾನೇ ಬದಲಿಸುತ್ತಿರುವುದು, ಅದರ ರಬ್ಬರಿಗೂ ಅಷ್ಟೇ ವಯಸ್ಸಾಗಿರುತ್ತದೆ. ಹಳೆಯದರ ಪಕ್ಕ ಹೊಸದನ್ನಿಟ್ಟು ಬೆಲ್ಟ್ ಕೂರುವ ಗೀರುಗಳ ಸಂಖ್ಯೆ, ಹೊರಗಿನ ಅಗಲ, ಹಬ್ಬಿನ ಆಳ, ಟೈಮಿಂಗ್ ಗುರುತು ಎಲ್ಲ ಹೋಲಿಸಿ.

## ಹಂತ 1: ಗಾಡಿಯನ್ನು ಎತ್ತಿ ನಿಲ್ಲಿಸುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಸಮತಟ್ಟಾದ ಸಿಮೆಂಟ್ ನೆಲ ಬೇಕು, ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡ್ ಹೂತು ವಾಲುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ.

ಮುಂಭಾಗ ಎತ್ತಿ ಚಾಸಿಸ್ ಕೆಳಗೆ ಸ್ಟ್ಯಾಂಡ್ ಇಡಿ. ಹಿಂದಿನ ಚಕ್ರ ನೆಲದಲ್ಲೇ ಇರಲಿ. ಸ್ಟ್ಯಾಂಡ್ ಬದಲು ಹಾಲೋ ಬ್ಲಾಕ್ ಅಥವಾ ಇಟ್ಟಿಗೆ ಇಡಬೇಡಿ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ, ಮತ್ತು ಈ ಕೆಲಸದಲ್ಲಿ ನೀವು ಗಾಡಿಯನ್ನು ಜೋರಾಗಿ ಜಗ್ಗಾಡುತ್ತೀರಿ. ಸ್ಟ್ಯಾಂಡ್ ಮೇಲೆ ನಿಂತ ಮೇಲೆ ಬಾನೆಟ್ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿ. ಅಲುಗಿದರೆ ಕೆಳಗೆ ಹೋಗಬೇಡಿ.

## ಹಂತ 2: ಫ್ಯಾನ್ ಮೊದಲು, ಬೆಲ್ಟ್ ಆಮೇಲೆ

ಇಲ್ಲಿ ಕ್ರಮ ತಪ್ಪುವವರು ಬಹಳ. ಫ್ಯಾನ್ ವಾಟರ್ ಪಂಪಿನ ಪುಲ್ಲಿಗೆ ನಾಲ್ಕು ನಟ್‌ಗಳಲ್ಲಿ ಕೂತಿದೆ. ಬೆಲ್ಟ್ ಇನ್ನೂ ಬಿಗಿಯಾಗಿರುವಾಗಲೇ ಆ ನಟ್‌ಗಳನ್ನು ಸಡಿಲಿಸಿ. ಬೆಲ್ಟೇ ಪುಲ್ಲಿಯನ್ನು ಹಿಡಿದುಕೊಳ್ಳುತ್ತದೆ. ಬೆಲ್ಟ್ ಮೊದಲು ತೆಗೆದರೆ ನಟ್ ಜೊತೆಗೆ ಪುಲ್ಲಿಯೂ ಗಿರಗಿರ ಸುತ್ತುತ್ತದೆ, ಸ್ಕ್ರೂ ಡ್ರೈವರ್ ಸಿಗಿಸಿ ಒದ್ದಾಡಬೇಕಾಗುತ್ತದೆ.

ನಟ್ ಸಡಿಲವಾದ ಮೇಲೆ ಬೆಲ್ಟ್ ಹಾದು ಹೋಗಿರುವ ದಾರಿಯ ಫೋಟೊ ತೆಗೆಯಿರಿ. ಅದೇ ಬೆಲ್ಟ್ ವಾಪಸ್ ಹಾಕುವುದಾದರೆ ತಿರುಗುವ ದಿಕ್ಕಿಗೆ ಬಾಣದ ಗುರುತು ಹಾಕಿ. ಬೆಲ್ಟ್ ಇಳಿಸಿ, ಶ್ರೌಡ್ (ಫ್ಯಾನ್ ಸುತ್ತಲಿನ ಕವಚ) ಮತ್ತು ಫ್ಯಾನನ್ನು ಒಟ್ಟಿಗೆ ಮೇಲಕ್ಕೆತ್ತಿ ಹೊರಗೆ ತೆಗೆಯಿರಿ. ಫ್ಯಾನನ್ನು ಗಾಡಿಯಲ್ಲಿ ಹೇಗಿತ್ತೋ ಹಾಗೇ ನಿಲ್ಲಿಸಿಡಿ, ಮಲಗಿಸಿದರೆ ಅದರ ಕಪ್ಲಿಂಗ್‌ನೊಳಗಿನ ಸಿಲಿಕೋನ್ ದ್ರವ ಸೋರಬಹುದು.

ತಕ್ಷಣ ರೇಡಿಯೇಟರ್‌ಗೂ ಎಂಜಿನ್‌ಗೂ ನಡುವೆ ರಟ್ಟು ಇಳಿಬಿಡಿ. ಸಾಕೆಟ್ ಜಾರಿ ರೇಡಿಯೇಟರ್ ತೂತಾದರೆ ಪುಲ್ಲಿಗಿಂತ ಅದರ ಬಿಲ್ಲೇ ದೊಡ್ಡದು. ಹಿಡಿಕೆ ಹಾಕಲು ಜಾಗ ಸಾಲದಿದ್ದರೆ ಕೂಲಂಟ್ ಇಳಿಸಿ ರೇಡಿಯೇಟರನ್ನೇ ತೆಗೆಯಿರಿ. ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

## ಹಂತ 3: ಬೋಲ್ಟ್ ಸಡಿಲಿಸುವುದು

ಈ ಬೋಲ್ಟಿನ ಟಾರ್ಕ್ 365 ನ್ಯೂಟನ್ ಮೀಟರ್. ಒಂದು ಮೀಟರ್ ಪೈಪಿನ ತುದಿಯಲ್ಲಿ 37 ಕೆಜಿ ತೂಗುಹಾಕಿದಷ್ಟು. ಅದು ಬಿಗಿ ಮಾಡುವಾಗಿನ ಲೆಕ್ಕ. ಹದಿನೈದು ವರ್ಷ ಕೂತ ಬೋಲ್ಟ್ ಬಿಚ್ಚಲು ಅದಕ್ಕಿಂತ ಎಷ್ಟೋ ಜಾಸ್ತಿ ಬಲ ಬೇಕಾಗುತ್ತದೆ. ಅಷ್ಟು ಬಲ ಬಿದ್ದಾಗ ಎಂಜಿನ್ ತಿರುಗದಂತೆ ಹಿಡಿಯುವುದೇ ಅಸಲಿ ಕೆಲಸ.

ಹಿಡಿಕೆಯನ್ನು ಪುಲ್ಲಿಯ ಎರಡು ತೂತುಗಳಿಗೆ ಬೋಲ್ಟ್ ಹಾಕಿ ಬಿಗಿ ಮಾಡಿ. ಥ್ರೆಡ್ ಪೂರ್ತಿ ಹಿಡಿದಿರಬೇಕು, ಎರಡು ಸುತ್ತಿನಲ್ಲಿ ನಿಂತರೆ ಕಿತ್ತು ಬರುತ್ತದೆ. ರೇಡಿಯೇಟರ್ ಕಡೆಯಿಂದ ಎಂಜಿನ್ ನೋಡುತ್ತಾ ನಿಂತರೆ, ಬೋಲ್ಟ್ ಬಿಚ್ಚುವಾಗ ಪುಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಲು ನೋಡುತ್ತದೆ. ಆದ್ದರಿಂದ ಹಿಡಿಕೆಯ ಕೈ ನಿಮ್ಮ ಎಡಗಡೆಗೆ ಚಾಚಿರಲಿ, ಕೆಳಗೆ ಗಟ್ಟಿ ಮರದ ದಿಮ್ಮಿಗೆ ಒರಗಿರಲಿ. ಎಸಿ ಪೈಪ್, ಆಯಿಲ್ ಸಂಪ್, ಸ್ಟೀರಿಂಗ್ ರಾಡ್ ಯಾವುದಕ್ಕೂ ಅದು ತಾಗಬಾರದು. ಬ್ರೇಕರ್ ಬಾರನ್ನು ಬಲಗಡೆಗೆ ಚಾಚಿ ಮೇಲಕ್ಕೆ ಎಳೆಯಿರಿ.

ಬಲ ಹಾಕುವಾಗ ಜಗ್ಗಿ ಜಗ್ಗಿ ಬಿಡಬೇಡಿ. ನಿಧಾನವಾಗಿ ಬಲ ಏರಿಸುತ್ತಾ ಹೋಗಿ. ಬಿಡುವಾಗ ಪಟಾಕಿ ಹೊಡೆದ ಹಾಗೆ ಒಂದು ಸದ್ದು ಬರುತ್ತದೆ. ಮೊದಲ ಸಲ ಕೇಳಿದವರು ಏನೋ ಮುರಿಯಿತು ಅಂತ ಹೆದರುತ್ತಾರೆ. ಸದ್ದಿನ ಜೊತೆ ಬಾರ್ ಒಂದೇ ಸಲ ಹಗುರಾದರೆ ಬೋಲ್ಟ್ ಬಿಟ್ಟಿದೆ. ಸದ್ದೇ ಇಲ್ಲದೆ ಬಾರ್ ಮೇಣದ ಹಾಗೆ ಮೆತ್ತಗೆ ತಿರುಗುತ್ತಿದ್ದರೆ ಮಾತ್ರ ನಿಲ್ಲಿಸಿ. ಸಾಕೆಟ್ ಜಾರುತ್ತಿದೆ, ಇಲ್ಲವೇ ಬೋಲ್ಟ್ ತಿರುಚಿಕೊಳ್ಳುತ್ತಿದೆ.

ಹಿಡಿಕೆ ಇಲ್ಲದೆ ಮಾಡುವ ದಾರಿಗಳನ್ನೂ ಹೇಳಿಬಿಡುತ್ತೇನೆ, ಹೇಗಿದ್ದರೂ ಪ್ರಯತ್ನ ಮಾಡುತ್ತೀರಿ. ಐದನೇ ಗೇರ್ ಹಾಕಿ, ಒಬ್ಬರು ಬ್ರೇಕ್ ಗಟ್ಟಿಯಾಗಿ ತುಳಿದು ಕೂರುವುದು ಒಂದು. ಐದನೆಯದೇ ಯಾಕೆ? ಒಂದನೇ ಗೇರಿನಲ್ಲಿ ನೀವು ಹಾಕಿದ ಬಲ ಹಲವು ಪಟ್ಟಾಗಿ ಚಕ್ರಕ್ಕೆ ಹೋಗುತ್ತದೆ, ಬ್ರೇಕ್ ತಡೆಯುವುದಿಲ್ಲ. ಇನ್ನೋವಾ ಹಿಂದಿನ ಚಕ್ರದಿಂದ ಓಡುವ ಗಾಡಿ, ಆ ಚಕ್ರಗಳು ನೆಲದಲ್ಲೇ ಇರುವುದರಿಂದ ಇದು ಕೆಲವೊಮ್ಮೆ ಕೆಲಸ ಮಾಡುತ್ತದೆ. ಕ್ಲಚ್ ಹಳೆಯದಾಗಿದ್ದರೆ ಜಾರುತ್ತದೆ, ಅಲ್ಲಿಗೆ ಬಿಟ್ಟುಬಿಡಿ.

ಎರಡನೆಯದು ಗನ್. ಒಳ್ಳೆಯ ಇಂಪ್ಯಾಕ್ಟ್ ಗನ್ ಸಿಕ್ಕರೆ ಬಿಚ್ಚಲು ಅದಕ್ಕಿಂತ ಸುಲಭದ್ದಿಲ್ಲ. ಬಿಚ್ಚಲು ಮಾತ್ರ.

ಇನ್ನೊಂದು ದಾರಿಯನ್ನು ಬೇಡವೇ ಬೇಡ ಅನ್ನುತ್ತೇನೆ. ಬಾರನ್ನು ಚಾಸಿಸ್‌ಗೆ ಒರಗಿಸಿ ಸೆಲ್ಫ್ ಹೊಡೆಯುವುದು. ನೂರು ಸಲ ಬಿಟ್ಟುಕೊಡುತ್ತದೆ, ನಿಜ. ನೂರಾಒಂದನೇ ಸಲ ಬಾರ್ ಹಾರುತ್ತದೆ, ಇಲ್ಲವೇ ಎಂಜಿನ್ ಸ್ಟಾರ್ಟ್ ಆಗಿಬಿಡುತ್ತದೆ. ಗ್ಯಾಸ್ ಟಾರ್ಚ್‌ನಲ್ಲಿ ಬೋಲ್ಟ್ ಕಾಯಿಸುವುದೂ ಬೇಡ, ಹಿಂದೆ ಆಯಿಲ್ ಸೀಲ್ ಇದೆ. ಟೈಮಿಂಗ್ ಲಾಕ್ ಪಿನ್ ಹಾಕಿ ಅದರ ಮೇಲೆ ಬಲ ಬಿಡುವವರೂ ಇದ್ದಾರೆ. ಆ ಪಿನ್ ಇರುವುದು ಗುರುತು ಹಿಡಿಯುವುದಕ್ಕೆ, ಎಂಜಿನ್ ಹಿಡಿಯುವುದಕ್ಕಲ್ಲ.

## ಹಂತ 4: ಪುಲ್ಲಿ ಹೊರಗೆ ಎಳೆಯುವುದು

ಬೋಲ್ಟ್ ಪೂರ್ತಿ ತೆಗೆದು, ಎರಡು ಕೈಯಲ್ಲಿ ಹಬ್ಬನ್ನು ಹಿಡಿದು ಅತ್ತಿತ್ತ ಅಲುಗಿಸಿ. ಬಹಳ ಸಲ ಹಾಗೇ ಬಂದುಬಿಡುತ್ತದೆ. ಬರದಿದ್ದರೆ ಬೋಲ್ಟ್ ಮಾದರಿಯ ಪುಲ್ಲರನ್ನು ಹಬ್ಬಿನ ಎರಡು ತೂತಿಗೆ ಹಾಕಿ ಎಳೆಯಿರಿ. ಪುಲ್ಲರಿನ ಮೂಗು ಕ್ರ್ಯಾಂಕಿನ ಥ್ರೆಡ್ ಒಳಗೆ ಹೋಗಿ ಅದನ್ನು ಕೆಡಿಸದಂತೆ, ನಡುವೆ ದಪ್ಪ ವಾಷರ್ ಇಡಿ ಅಥವಾ ಹಳೆ ಬೋಲ್ಟನ್ನೇ ಸ್ವಲ್ಪ ಒಳಗೆ ತಿರುಗಿಸಿ ಅದರ ತಲೆಗೆ ಒತ್ತು ಕೊಡಿ.

ಮೂರು ಕಾಲಿನ ಪುಲ್ಲರನ್ನು ಹೊರಗಿನ ರಿಂಗಿಗೆ ಸಿಗಿಸಬೇಡಿ. ರಬ್ಬರ್ ಕಿತ್ತು ರಿಂಗ್ ಬರುತ್ತದೆ, ಹಬ್ ಅಲ್ಲೇ ಕೂರುತ್ತದೆ. ಸುತ್ತಿಗೆಯಿಂದ ಬಡಿಯುವುದೂ ಬೇಡ, ಆ ಏಟು ನೇರ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್‌ಗೆ.

ಪುಲ್ಲಿ ಬರುವಾಗ ಸಣ್ಣ ಕೀ ಬೀಳಬಹುದು. ಕೆಳಗೆ ಬಟ್ಟೆ ಹಾಸಿರಿ.

## ಹಂತ 5: ಬಿಚ್ಚಿದ ಜಾಗ ನೋಡುವುದು

ಆತುರದಲ್ಲಿ ಹೊಸದನ್ನು ತಳ್ಳಿಬಿಡಬೇಡಿ. ಒಂದು ಲೋಟ ಕಾಫಿ ಕುಡಿದು, ಟಾರ್ಚ್ ಹಿಡಿದು ಕೂತು ನೋಡಿ.

ಮೊದಲು ಕೀ. ಅಂಚುಗಳು ಚೂಪಾಗಿ ನೇರವಾಗಿರಬೇಕು. ನಡುವೆ ಮೆಟ್ಟಿಲಿನ ಹಾಗೆ ತುಳಿದಿದ್ದರೆ ಪುಲ್ಲಿ ಹಿಂದೆಯೇ ಸಡಿಲವಾಗಿತ್ತು ಅಂತ ಅರ್ಥ. ಕೀ ಬದಲಿಸಿದರೆ ಸಾಲದು, ಕ್ರ್ಯಾಂಕಿನಲ್ಲಿ ಕೀ ಕೂರುವ ಗಾಳೆಯನ್ನೂ ನೋಡಿ. ಹೊಸ ಕೀ ಇಟ್ಟು ಬೆರಳಲ್ಲಿ ಅಲುಗಿಸಿ. ಕದಲಿದರೆ ಇಲ್ಲಿಗೇ ನಿಲ್ಲಿಸಿ. ಅದು ಮನೆಯ ಕೆಲಸವಲ್ಲ, ಲೇತ್ ಅಥವಾ ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವವರಿಗೆ ತೋರಿಸಬೇಕು. ಎಂ-ಸೀಲ್, ಬೇರಿಂಗ್ ಗಮ್ ಹಾಕಿ ಮುಚ್ಚುವವರನ್ನು ನೋಡಿದ್ದೇನೆ. ಎರಡು ವಾರವೂ ನಿಲ್ಲುವುದಿಲ್ಲ.

ಆಮೇಲೆ ಆಯಿಲ್ ಸೀಲ್. ಸುತ್ತ ಒದ್ದೆಯಾಗಿದ್ದರೆ ಈಗಲೇ ಬದಲಿಸಿ, ಮತ್ತೆ ಇಷ್ಟೆಲ್ಲ ಬಿಚ್ಚುವವರು ಯಾರು? ಹಳೆಯದು ಎಷ್ಟು ಒಳಗೆ ಕೂತಿತ್ತು ಅನ್ನುವುದನ್ನು ಅಳೆದಿಟ್ಟುಕೊಂಡು ತೆಗೆಯಿರಿ. ಸ್ಕ್ರೂ ಡ್ರೈವರ್ ತುದಿಗೆ ಟೇಪ್ ಸುತ್ತಿ, ಕ್ರ್ಯಾಂಕಿಗೆ ಗೀರು ಬೀಳಬಾರದು. ಹೊಸದರ ತುಟಿಗೆ ಎಂಜಿನ್ ಆಯಿಲ್ ಸವರಿ, ನೇರವಾಗಿ, ಸುತ್ತಲೂ ಒಂದೇ ಸಮ ಒತ್ತಿ ಕೂರಿಸಿ.

ಹಳೆ ಪುಲ್ಲಿಯ ಹಬ್ಬಿನಲ್ಲಿ ಸೀಲ್ ಉಜ್ಜುವ ಜಾಗಕ್ಕೆ ಉಗುರು ಹಾಯಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಸೋರಿಕೆಗೆ ಅದೇ ಕಾರಣ. ಹೊಸ ಪುಲ್ಲಿಯಲ್ಲಿ ಆ ಜಾಗ ಕನ್ನಡಿಯ ಹಾಗಿರಬೇಕು.

## ಹಂತ 6: ಹೊಸ ಪುಲ್ಲಿ ಕೂರಿಸುವುದು

ಕ್ರ್ಯಾಂಕಿನ ಮೂತಿಯನ್ನು ನಯವಾದ ಎಮರಿಯಿಂದ ಹಗುರಾಗಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಒಳಗಿನ ಥ್ರೆಡ್‌ನಲ್ಲಿ ಎಣ್ಣೆ, ಕಸ ನಿಂತಿದ್ದರೆ ಬಟ್ಟೆ ಸುತ್ತಿದ ಕಡ್ಡಿಯಿಂದ ಪೂರ್ತಿ ತೆಗೆಯಿರಿ. ಎಣ್ಣೆ ಸವರುವುದು ಸೀಲ್ ತಾಗುವ ಜಾಗಕ್ಕೆ ಮಾತ್ರ. ಬೋಲ್ಟಿಗೆ ಎಣ್ಣೆ, ಗ್ರೀಸ್, ಲಾಕ್‌ಟೈಟ್ ಇವೆಲ್ಲ ಮ್ಯಾನುಯಲ್ ಹೇಳಿದರೆ ಹಾಕಿ, ನಿಮ್ಮ ಸ್ವಂತ ಬುದ್ಧಿಯಿಂದ ಬೇಡ. ಥ್ರೆಡ್ ಜಾರಿದಷ್ಟೂ ಅದೇ ಟಾರ್ಕ್‌ನಲ್ಲಿ ಬೋಲ್ಟ್ ಹೆಚ್ಚು ಎಳೆದುಕೊಳ್ಳುತ್ತದೆ.

ಕೀಯನ್ನೂ ಗಾಳೆಯನ್ನೂ ಒಂದೇ ಗೆರೆಗೆ ತಂದು ಕೈಯಲ್ಲೇ ತಳ್ಳಿ. ನೆಟ್ಟಗೆ ಹೋದರೆ ಮುಕ್ಕಾಲು ಭಾಗ ಕೈಯಲ್ಲೇ ಹೋಗುತ್ತದೆ. ಉಳಿದದ್ದನ್ನು ಬೋಲ್ಟಿನಿಂದ ನಿಧಾನಕ್ಕೆ ಎಳೆಯಿರಿ, ಥ್ರೆಡ್ ಸಾಕಷ್ಟು ಹಿಡಿದಿದೆಯಾ ನೋಡಿಕೊಂಡು. ಇದಕ್ಕೆ ಹಳೆ ಬೋಲ್ಟ್ ಬಳಸಿ, ಕೊನೆಯ ಬಿಗಿಗೆ ಹೊಸದನ್ನು ಹಾಕಿ. ನಡುವೆ ಎಲ್ಲೋ ಗಟ್ಟಿಯಾಗಿ ನಿಂತರೆ ಕೀ ಓರೆಯಾಗಿ ಎದ್ದಿರುತ್ತದೆ. ಒತ್ತಬೇಡಿ, ತೆಗೆದು ಮತ್ತೆ ನೋಡಿ.

## ಹಂತ 7: ಬಿಗಿ ಮಾಡುವುದು

ಈಗ ನನ್ನ ಕತೆ. ಭಾವನ ಇನ್ನೋವಾಕ್ಕೆ ಪುಲ್ಲಿ ಹಾಕಿದ್ದೆ. ಟಾರ್ಕ್ ರೆಂಚ್ ಇರಲಿಲ್ಲ. ಪಕ್ಕದ ಟೈರ್ ಅಂಗಡಿಯಿಂದ ಗನ್ ತಂದು ‘ಟರ್‌ರ್’ ಅನ್ನಿಸಿ, ಮೇಲೆ ಪೈಪ್ ಹಾಕಿ ಒಮ್ಮೆ ಜಗ್ಗಿ, ಆಯಿತು ಅಂದೆ. ಭಾವ ‘ಸಾಕಾ ಇಷ್ಟು ಬಿಗಿ?’ ಅಂದರು. ‘ಗನ್ನಲ್ಲೇ ಹಾಕಿದೀನಲ್ಲ ಭಾವ’ ಅಂದೆ. ಮೂರು ವಾರದ ಮೇಲೆ ಧರ್ಮಸ್ಥಳಕ್ಕೆ ಹೋಗಿ ಬಂದವರು, ಐಡಲ್‌ನಲ್ಲಿ ಸದ್ದು ಬರುತ್ತಿದೆ ಅಂದರು. ಬಿಚ್ಚಿದರೆ ಕೀ ಅರ್ಧ ಕತ್ತರಿಸಿತ್ತು, ಬೋಲ್ಟ್ ಸುತ್ತ ಅದೇ ಕೆಂಪು ಪುಡಿ. ಗಾಳೆ ಉಳಿದಿದ್ದು ಅದೃಷ್ಟ.

ಯಾಕೆ ಹೀಗಾಯಿತು? ಪುಲ್ಲಿಯನ್ನು ತಿರುಗಿಸುವುದು ಕೀ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಕೀ ಇರುವುದು ಮುಖ್ಯವಾಗಿ ಪುಲ್ಲಿ ಸರಿಯಾದ ಕೋನದಲ್ಲಿ ಕೂರಲಿ ಅಂತ. ಬಲವನ್ನು ಹೊರುವುದು ಬೋಲ್ಟ್ ಹಬ್ಬನ್ನು ಒತ್ತಿ ಹಿಡಿದಾಗ ಹುಟ್ಟುವ ಘರ್ಷಣೆ. ಬಿಗಿ ಕಡಿಮೆಯಾದರೆ ಹಬ್ ಕೂದಲೆಳೆಯಷ್ಟು ಅಲುಗುತ್ತದೆ, ಒಂದೊಂದು ಉರಿತಕ್ಕೂ ಕೀಗೆ ಒಂದೊಂದು ಏಟು. ಇನ್ನು ಗನ್ ಎಷ್ಟು ಬಿಗಿ ಮಾಡಿತು ಅನ್ನುವುದು ಗಾಳಿಯ ಒತ್ತಡ, ಗನ್ನಿಗೆ ಗಾಳಿ ತರುವ ಪೈಪಿನ ದಪ್ಪ, ಉದ್ದ ಇವುಗಳ ಮೇಲೆ ಹೋಗುತ್ತದೆ. ಸದ್ದು ಜೋರಾಗಿತ್ತು ಅಂದ ಮಾತ್ರಕ್ಕೆ 365 ಆಯಿತು ಅಂತಲ್ಲ.

ಮನೆಯಲ್ಲಿಟ್ಟುಕೊಳ್ಳುವ ಅರ್ಧ ಇಂಚಿನ ಟಾರ್ಕ್ ರೆಂಚ್‌ಗಳು ಸಾಮಾನ್ಯವಾಗಿ 210 ನ್ಯೂಟನ್ ಮೀಟರ್ ಸುತ್ತಮುತ್ತ ಮುಗಿಯುತ್ತವೆ. ಇದಕ್ಕೆ ದೊಡ್ಡದು ಬೇಕು. ಲಾರಿ ಗ್ಯಾರೇಜಿನಲ್ಲಿ ಮುಕ್ಕಾಲು ಇಂಚಿನದು ಇರುತ್ತದೆ, ಒಂದು ದಿನದ ಮಟ್ಟಿಗೆ ಕೇಳಿ ತನ್ನಿ.

ಏನು ಮಾಡಿದರೂ ಸಿಗಲಿಲ್ಲ ಅಂದರೆ ಕೊಕ್ಕೆಯ ಡಿಜಿಟಲ್ ತಕ್ಕಡಿ ನೆರವಿಗೆ ಬರುತ್ತದೆ. ಬೋಲ್ಟಿನ ನಡುವಿನಿಂದ ಸರಿಯಾಗಿ 1 ಮೀಟರ್ ಅಳೆದು ಪೈಪಿನ ಮೇಲೆ ಗುರುತು ಹಾಕಿ. ಪೈಪ್ ಕೆಳಕ್ಕೆ ನೇರ ಇಳಿಬಿದ್ದಿರಲಿ, ಗುರುತಿಗೆ ತಕ್ಕಡಿ ಸಿಗಿಸಿ ನೆಲಕ್ಕೆ ಸಮಾನಾಂತರವಾಗಿ, ಪೈಪಿಗೆ ಲಂಬವಾಗಿ ಎಳೆಯಿರಿ. ಹೀಗೆ ಎಳೆದರೆ ಪೈಪಿನ ತೂಕ ಲೆಕ್ಕಕ್ಕೆ ಬರುವುದಿಲ್ಲ. ಬೋಲ್ಟ್ ತಿರುಗುತ್ತಿರುವಾಗ ತಕ್ಕಡಿ 37 ಕೆಜಿ ತೋರಿಸಿದರೆ 365 ಹತ್ತಿರ ಬಂತು. ಜಾಗವಿಲ್ಲದೆ ಪೈಪನ್ನು 80 ಸೆಂಟಿಮೀಟರ್‌ಗೆ ಇಳಿಸಿದರೆ 46 ಕೆಜಿ ಬೇಕು. ರೆಂಚಿನಷ್ಟು ನಿಖರವಲ್ಲ, ಗನ್ನಿಗಿಂತ ಎಷ್ಟೋ ವಾಸಿ.

ಹಿಡಿಕೆಯ ಒರಗು ಈಗ ಉಲ್ಟಾ. ಬಿಗಿ ಮಾಡುವಾಗ ಪುಲ್ಲಿ ಗಡಿಯಾರದ ದಿಕ್ಕಿಗೆ ತಿರುಗಲು ನೋಡುವುದರಿಂದ ಹಿಡಿಕೆಯ ಕೈ ನಿಮ್ಮ ಬಲಗಡೆ ಕೆಳಕ್ಕೆ ಒರಗಬೇಕು. ಇದನ್ನು ಮರೆತು ಎಡಗಡೆಗೇ ಬಿಟ್ಟರೆ ಕೈ ಮೇಲಕ್ಕೆ ಹಾರಿ ಮುಖಕ್ಕೆ ಬರುತ್ತದೆ. ಒಂದೇ ಸಲ ಪೂರ್ತಿ ಎಳೆಯದೆ ಮೊದಲು 150, ಆಮೇಲೆ 250, ಕೊನೆಗೆ 365.

ಬೇರೆ ಗಾಡಿಯಾಗಿದ್ದು, ಇಷ್ಟು ಟಾರ್ಕ್ ಆದ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಮ್ಯಾನುಯಲ್‌ನಲ್ಲಿದ್ದರೆ ಆ ಬೋಲ್ಟ್ ಹಿಗ್ಗುವ ಜಾತಿಯದ್ದು. ಪ್ರತಿ ಸಲವೂ ಹೊಸದೇ ಬೇಕು, ಹಳೆಯದನ್ನು ಮತ್ತೆ ಹಾಕುವಂತಿಲ್ಲ.

ಬಿಗಿಯಾದ ಮೇಲೆ ಬೋಲ್ಟಿನ ತಲೆಯಿಂದ ಹಬ್ಬಿನವರೆಗೆ ಪೇಂಟ್ ಗೆರೆ ಎಳೆಯಿರಿ. ರಬ್ಬರ್ ದಾಟಿ ರಿಂಗಿಗೂ ಒಂದು ಗೆರೆ.

## ಹಂತ 8: ಜೋಡಣೆ, ಸ್ಟಾರ್ಟ್

ಹಿಡಿಕೆ ಬಿಚ್ಚಿದಿರಾ? ನಗಬೇಡಿ, ಮರೆತು ಸೆಲ್ಫ್ ಹೊಡೆದವರಿದ್ದಾರೆ.

ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನನ್ನು ಬಾರ್‌ನಿಂದ ಗಡಿಯಾರದ ದಿಕ್ಕಿಗೆ ಎರಡು ಪೂರ್ತಿ ಸುತ್ತು ತಿರುಗಿಸಿ. ಕಂಪ್ರೆಷನ್ ಬಂದಾಗ ಗಟ್ಟಿಯಾಗಿ ಮತ್ತೆ ಹಗುರಾಗುವುದು ಸಹಜ. ಲೋಹಕ್ಕೆ ಲೋಹ ತಾಗಿದ ಹಾಗೆ ನಿಂತರೆ ಮುಂದುವರಿಯಬೇಡಿ.

ಫ್ಯಾನ್, ಶ್ರೌಡ್ ಒಟ್ಟಿಗೆ ಇಳಿಸಿ ನಟ್‌ಗಳನ್ನು ಕೈಯಲ್ಲಿ ಹಾಕಿ, ಬೆಲ್ಟ್ ಏರಿಸಿದ ಮೇಲೆ ಬಿಗಿ ಮಾಡಿ. ಫೋಟೊ ನೋಡಿಕೊಂಡು ಬೆಲ್ಟ್ ಹಾಕಿ, ಪ್ರತಿ ಪುಲ್ಲಿಯ ಮೇಲೂ ಬೆರಳು ಆಡಿಸಿ. ಒಂದು ಗೀರು ಪಕ್ಕಕ್ಕೆ ಕೂತಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಕೂಲಂಟ್ ಇಳಿಸಿದ್ದರೆ ತುಂಬಿ. ರಟ್ಟು, ಬಟ್ಟೆ, ಸ್ಪ್ಯಾನರ್ ಎಲ್ಲ ಹೊರಗೆ ಬಂದಿದೆಯಾ ಎಣಿಸಿ, ಆಮೇಲೆ ಬ್ಯಾಟರಿ ಹಾಕಿ.

ಸ್ಟಾರ್ಟ್ ಮಾಡಿ ಪಕ್ಕದಿಂದ ನೋಡಿ, ಫ್ಯಾನ್ ಎದುರಿಗೆ ನಿಲ್ಲಬೇಡಿ. ಶಾಲು, ಸಡಿಲ ತೋಳು, ಕೊರಳ ಸರ ಇದ್ದರೆ ಮೊದಲೇ ತೆಗೆದಿಡಿ. ಪುಲ್ಲಿ ತೊನೆಯದೆ ಒಂದೇ ನೇರದಲ್ಲಿ ಓಡಬೇಕು. ಹತ್ತು ನಿಮಿಷ ಐಡಲ್ ಬಿಟ್ಟು, ಎಸಿ ಹಾಕಿ, ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಬೆಲ್ಟಿಗೆ ಆಗ ಹೆಚ್ಚಿನ ಭಾರ ಬೀಳುತ್ತದೆ. ಸದ್ದಿಲ್ಲದಿದ್ದರೆ ಸರಿ.

## ಹಂತ 9: 50 ಮತ್ತು 500 ಕಿಲೋಮೀಟರಿಗೆ

ಮೊದಲ 50 ಕಿಲೋಮೀಟರ್ ಊರೊಳಗೇ ಓಡಿಸಿ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಎರಡೂ ಪೇಂಟ್ ಗೆರೆ ನೋಡಿ. ಸೀಲಿನ ಕೆಳಗೆ ಎಣ್ಣೆಯ ಹನಿ ಇದೆಯಾ ಬೆರಳಿಟ್ಟು ನೋಡಿ. 500 ಆದ ಮೇಲೆ ಮತ್ತೊಮ್ಮೆ.

ಬೋಲ್ಟಿನ ಗೆರೆ ಕದಲಿದ್ದರೆ ಸುಮ್ನೆ ಮತ್ತಷ್ಟು ಬಿಗಿ ಮಾಡಿ ಕಳಿಸಬೇಡಿ. ಬಿಚ್ಚಿ, ಕೀ ನೋಡಿ, ಹೊಸ ಬೋಲ್ಟ್ ಹಾಕಿ ಮೊದಲಿನಿಂದ ಮಾಡಿ. ಗೆರೆ ನೆಟ್ಟಗಿದ್ದು ಕೀರಲು ಸದ್ದು ಮಾತ್ರ ಬರುತ್ತಿದ್ದರೆ ಪುಲ್ಲಿಯನ್ನು ಬಿಟ್ಟು ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಬೆಲ್ಟಿನ ದಾರಿ ತಿರುಗಿಸುವ ಐಡ್ಲರ್ ಇವುಗಳ ಬೇರಿಂಗ್‌ಗಳ ಕಡೆ ತಿರುಗಿ. ಬೆಲ್ಟ್ ಇಳಿಸಿ ಅವುಗಳನ್ನು ಕೈಯಲ್ಲಿ ತಿರುಗಿಸಿದರೆ ಗರಗರ ಅನ್ನುವುದು ಯಾವುದು ಅಂತ ತಾನೇ ಗೊತ್ತಾಗುತ್ತದೆ.